ಅಳಿದ ಸಿಂಹಾಸನಗಳು, ಉಳಿದ ಪಾಠಪೀಠಗಳು



ಶ್ರೀಮದ್ಭಾಗವತದ ದ್ವಾದಶಸ್ಕಂಧದಲ್ಲಿ ಭೂದೇವಿಯು ನಗುವ ಪ್ರಸಂಗವೊಂದಿದೆ. ತನ್ನನ್ನು ಗೆದ್ದು ಆಳಲು ಒಬ್ಬರ ಮೇಲೊಬ್ಬರು ಏರಿ ಬರುವ ಅರಸರನ್ನು ನೋಡಿ ಆಕೆಗೆ ನಗು ಬರುತ್ತದೆ. ತಂದೆಮಕ್ಕಳು, ಅಣ್ಣತಮ್ಮಂದಿರು ಪರಸ್ಪರ ಕಾದಾಡಿ 'ಈ ಭೂಮಿ ನನ್ನದು' ಎನ್ನುತ್ತಾರೆ. ಹಾಗೆಂದವರೆಲ್ಲ ಹೊರಟುಹೋಗುತ್ತಾರೆ, ಭೂಮಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಪೃಥು, ಮಾಂಧಾತ, ಸಗರರಂತಹ ಚಕ್ರವರ್ತಿಗಳೂ ಕೊನೆಗೆ ಕಥೆಯಾಗಿ ಉಳಿದರೆಂದು ಶುಕಾಚಾರ್ಯರು ಪರೀಕ್ಷಿದ್ರಾಜನಿಗೆ ತಿಳಿಸುತ್ತಾರೆ. ಕೇಳುತ್ತಿರುವವನೂ ಒಬ್ಬ ಚಕ್ರವರ್ತಿಯೇ. ಅವನ ಏಳು ದಿನಗಳ ಅವಧಿ ಮುಗಿಯುತ್ತ ಬಂದಿದೆ. ಸಿಂಹಾಸನವನ್ನು ಬಿಟ್ಟು ಗಂಗಾತೀರದಲ್ಲಿ ಕುಳಿತು ಅವನು ಕೇಳಿದ ಆ ಪಾಠವು ಇಂದಿಗೂ ನಮ್ಮ ಮಠಗಳಲ್ಲಿ ಸಪ್ತಾಹವಾಗಿ ನಡೆಯುತ್ತಿದೆ. ಹಸ್ತಿನಾವತಿಯ ಅರಮನೆ ಎಲ್ಲಿತ್ತೆಂಬುದನ್ನಾದರೋ ನೆಲವನ್ನು ಅಗೆದು ಹುಡುಕಬೇಕಾಗಿದೆ.

ಶ್ರಾವಣ ಬಹುಳ ದ್ವಿತೀಯೆಯ ಗುರುರಾಜರ ಆರಾಧನೆಯು ಸಮೀಪಿಸಿರುವ ಈ ಸಂದರ್ಭದಲ್ಲಿ ನಾವು ಒಂದು ವಿಷಯವನ್ನು ಓದುಗರ ಮುಂದಿಡಬಯಸುತ್ತೇವೆ. ರಾಜ್ಯಗಳು ಅಳಿದವು, ಗುರುಗಳ ವಾಣಿ ಉಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಏಕೆ ಉಳಿಯಿತು, ಹೇಗೆ ಉಳಿಯಿತು, ಮುಂದೆಯೂ ತಾನಾಗಿಯೇ ಉಳಿದೀತೇ ಎಂದು ವಿಚಾರಿಸುವವರು ಕಡಿಮೆ. ಈ ಮೂರನೆಯ ಪ್ರಶ್ನೆಯಂತೂ ಊರು ಬಿಟ್ಟು ಬಂದು ಚೆನ್ನೈಯಲ್ಲಿ ನೆಲೆಸಿರುವ ನಮಗೆ ನೇರವಾಗಿ ಸಂಬಂಧಿಸಿದ್ದು.

ಅಗೆದ ಅರಸ, ಅರ್ಧರಾಜ್ಯ

ಶ್ರೀಮದಾಚಾರ್ಯರ ಸಂಚಾರಕಾಲದ ಎರಡು ಘಟನೆಗಳನ್ನು ಶ್ರೀನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ವರ್ಣಿಸಿದ್ದಾರೆ. ಈಶ್ವರದೇವನೆಂಬ ರಾಜನು ಕೆರೆಯೊಂದನ್ನು ತೋಡಿಸುತ್ತಿದ್ದನು. ಆ ದಾರಿಯಲ್ಲಿ ಬಂದವರನ್ನೆಲ್ಲ ಹಿಡಿದು ಅಗೆಯಲು ಹಚ್ಚುವುದು ಅವನ ರೀತಿ. ಅವನು ದೇವಗಿರಿಯ ಯಾದವ ಮಹಾದೇವನೆಂದು ಇತಿಹಾಸಜ್ಞರು ಗುರುತಿಸುತ್ತಾರೆ. ಆಚಾರ್ಯರಿಗೂ ಅದೇ ಆಜ್ಞೆಯಾಯಿತು. 'ಹೇಗೆ ಅಗೆಯಬೇಕೆಂದು ನೀನೇ ತೋರಿಸಿಕೊಡು' ಎಂದರು ಆಚಾರ್ಯರು. ತೋರಿಸಲು ಗುದ್ದಲಿ ಹಿಡಿದ ರಾಜನಿಗೆ ಅದನ್ನು ಕೆಳಗಿಡಲಾಗಲಿಲ್ಲ. ಅವನು ಅಗೆಯುತ್ತಲೇ ಉಳಿದನು, ಆಚಾರ್ಯರು ಶಿಷ್ಯರೊಡನೆ ಮುಂದೆ ನಡೆದರು.

ಮುಂದೆ ಗಂಗೆಯನ್ನು ದಾಟಿದಾಗ ಎದುರಾದವನು ತುರುಷ್ಕರಾಜ. ದೋಣಿಯಿಲ್ಲದೆ ನದಿಯನ್ನು ದಾಟಿಬಂದ ಯತಿಯನ್ನು ತಡೆಯಲು ಬಂದವನು ಅವರ ಮಾತನ್ನು ಕೇಳಿ ಬೆರಗಾಗಿ ಅರ್ಧರಾಜ್ಯವನ್ನೇ ಒಪ್ಪಿಸಲು ಮುಂದಾದನು. ಆಚಾರ್ಯರಿಗೆ ಬೇಕಾಗಿದ್ದುದು ರಾಜ್ಯವಲ್ಲ, ಬದರಿಯಲ್ಲಿರುವ ವೇದವ್ಯಾಸದೇವರ ಸನ್ನಿಧಿ. ಅವರು ಮುಂದಕ್ಕೆ ಸಾಗಿದರು.

ಈ ಎರಡನ್ನೂ ಕೇವಲ ಮಹಿಮೆಯ ಕಥೆಗಳೆಂದು ಕೇಳಿ ಬಿಟ್ಟರೆ ಸಿದ್ಧಾಂತದ ಸಾರವೇ ತಪ್ಪಿಹೋಗುತ್ತದೆ. ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲ ಅವನ ಅಧೀನ ಎಂಬುದು ನಮ್ಮ ಸಿದ್ಧಾಂತದ ಮೂಲಸ್ತಂಭ. ಮೊದಲನೆಯ ರಾಜನು ತಾನೇ ಮಾಡಿಸುವವನೆಂದು ಭಾವಿಸಿದ್ದನು. ಅವನ ಕೈಯೇ ಅವನ ವಶದಲ್ಲಿಲ್ಲವೆಂದು ಗುದ್ದಲಿ ತೋರಿಸಿಕೊಟ್ಟಿತು. ಎರಡನೆಯವನು ರಾಜ್ಯವು ತನ್ನದೆಂದು ತಿಳಿದು ಅದರಲ್ಲಿ ಅರ್ಧವನ್ನು ಕೊಡಹೊರಟನು. ತನ್ನದಲ್ಲದ ವಸ್ತುವನ್ನು ಕೊಡುವವನೂ ಅದನ್ನು ಪಡೆದು ಬೀಗುವವನೂ ಒಂದೇ ಭ್ರಾಂತಿಯಲ್ಲಿರುವವರು. ನಮ್ಮ ಗುರುಪರಂಪರೆಯ ಆದಿಯಲ್ಲಿಯೇ ಈ ವಿವೇಕವಿದೆಯೆಂಬುದನ್ನು ನೆನಪಿನಲ್ಲಿಟ್ಟು ಮುಂದಿನ ಇತಿಹಾಸವನ್ನು ನೋಡೋಣ.

ಮಾನ್ಯಖೇಟದಿಂದ ಮಳಖೇಡಕ್ಕೆ

ಕ್ರಿ.ಶ. 851ರಲ್ಲಿ ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ದಾಖಲಾದ ವೃತ್ತಾಂತವು ಜಗತ್ತಿನ ನಾಲ್ವರು ಮಹಾರಾಜರನ್ನು ಹೆಸರಿಸುತ್ತದೆ. ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲ್ಲಿನ ಅರಸ ಇವರೊಡನೆ ನಾಲ್ಕನೆಯವನು 'ಬಲ್ಹರಾ'. ಅವನೇ ನಮ್ಮ ರಾಷ್ಟ್ರಕೂಟ ವಲ್ಲಭರಾಜ. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ, ರಾಜಧಾನಿ ಮಾನ್ಯಖೇಟ. ಕನ್ನಡಕ್ಕೆ ಲಭ್ಯವಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಅವನ ಆಸ್ಥಾನದ್ದು. 972ರಲ್ಲಿ ಮಾಳವದ ಪರಮಾರ ಸೀಯಕನು ಆ ನಗರವನ್ನು ಸೂರೆಗೊಂಡನು. ಮರುವರ್ಷವೇ ರಾಜ್ಯವು ಚಾಲುಕ್ಯರ ಕೈಸೇರಿತು.

ಇಂದು ಆ ಮಾನ್ಯಖೇಟವು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವೆಂಬ ಸಣ್ಣ ಊರು. ಕೋಟೆಯ ಅವಶೇಷಗಳಿವೆ, ಅರಮನೆಯ ಗುರುತಿಲ್ಲ. ಆದರೆ ಮಾಧ್ವರ ಮನೆಗಳಲ್ಲಿ ಮಳಖೇಡವೆಂದರೆ ಹಿರಿಯರ ಕೈ ತಾನಾಗಿ ಜೋಡಿಸಿಕೊಳ್ಳುತ್ತದೆ. ಅಮೋಘವರ್ಷನ ನೆನಪಿನಿಂದಲ್ಲ, ಆಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀಅಕ್ಷೋಭ್ಯತೀರ್ಥರ ಬೃಂದಾವನವು ಅಲ್ಲಿರುವುದರಿಂದ. ಮಹಾರಾಜಧಾನಿಯು ಹಾಳಾದ ಸುಮಾರು ನಾಲ್ಕು ಶತಮಾನಗಳ ನಂತರ, ಕಾಷಾಯವಸ್ತ್ರ ಮತ್ತು ತಾಳೆಗರಿಗಳ ಹೊರತು ಬೇರೇನೂ ಇಲ್ಲದ ಯತಿಗಳು ಆ ಊರಿಗೆ ಬಂದು ಅದಕ್ಕೆ ಎರಡನೆಯ ಜನ್ಮವನ್ನು ಕೊಟ್ಟರು. ಜಗತ್ತಿನ ನಾಲ್ವರಲ್ಲಿ ಒಬ್ಬನೆನಿಸಿದವನಿಗೆ ತನ್ನ ಊರಿನ ಹೆಸರನ್ನು ಉಳಿಸಿಕೊಳ್ಳಲಾಗಲಿಲ್ಲ. ಏನನ್ನೂ ತಮ್ಮದೆನ್ನದವರಿಂದ ಅದು ಉಳಿಯಿತು.

ವಿಜಯನಗರದಲ್ಲಿ ವ್ಯಾಸರಾಜರು

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಗುರುಗಳೂ ರಾಜಾಶ್ರಯವನ್ನು ಪಡೆದವರಲ್ಲವೇ, ರಾಜರು ಕೊಟ್ಟ ಗ್ರಾಮಗಳಿಂದಲೇ ಮಠಗಳು ನಡೆಯಲಿಲ್ಲವೇ ಎಂದು ಕೇಳಬಹುದು. ಪಡೆದದ್ದು ನಿಜ. ಅದನ್ನು ಮರೆಮಾಚುವ ಅಗತ್ಯವೂ ಇಲ್ಲ. ಈ ಆಕ್ಷೇಪಕ್ಕೆ ಸಮಾಧಾನವು ಶ್ರೀವ್ಯಾಸರಾಜರ ಚರಿತ್ರೆಯಲ್ಲಿದೆ.

ಬನ್ನೂರಿನಲ್ಲಿ ಜನಿಸಿ, ಅಬ್ಬೂರಿನ ಶ್ರೀಬ್ರಹ್ಮಣ್ಯತೀರ್ಥರಿಂದ ಆಶ್ರಮವನ್ನು ಪಡೆದು, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಅಧ್ಯಯನ ಮಾಡಿದ ಶ್ರೀವ್ಯಾಸರಾಜರು ಚಂದ್ರಗಿರಿಯಲ್ಲಿ ಸಾಳುವ ನರಸಿಂಹನಿಂದ ಸಮ್ಮಾನಿತರಾದರು. ಮುಂದೆ ಸಾಳುವವಂಶವು ಹೋಗಿ ತುಳುವವಂಶವು ಬಂದಿತು. ವೀರನರಸಿಂಹನ ಬಳಿಕ ಕೃಷ್ಣದೇವರಾಯ, ಅವನ ಬಳಿಕ ಅಚ್ಯುತರಾಯ ಪಟ್ಟಕ್ಕೆ ಬಂದರು. ಗುರುಗಳು 1539ರ ವಿಳಂಬಿ ಸಂವತ್ಸರದ ಫಾಲ್ಗುಣದಲ್ಲಿ ಬೃಂದಾವನಸ್ಥರಾದಾಗ ಅವರು ಕಂಡ ಸಿಂಹಾಸನಗಳ ಏರಿಳಿತ ಅಷ್ಟಿಷ್ಟಲ್ಲ. ಅರಸರು ಬದಲಾದರು, ವಂಶಗಳು ಬದಲಾದವು, ಪಾಠ ಮಾತ್ರ ಬದಲಾಗಲಿಲ್ಲ. ಕುಹಯೋಗದ ಕಾಲದಲ್ಲಿ ಕೃಷ್ಣದೇವರಾಯನು ಗುರುಗಳನ್ನೇ ಸಿಂಹಾಸನದ ಮೇಲೆ ಕುಳ್ಳಿರಿಸಿದನೆಂದೂ, ಯೋಗವು ಕಳೆದೊಡನೆ ಅವರು ಅದನ್ನು ರಾಜನಿಗೇ ಹಿಂದಿರುಗಿಸಿದರೆಂದೂ ಪರಂಪರೆಯು ಹೇಳುತ್ತದೆ. ಸಿಂಹಾಸನದಲ್ಲಿ ಕುಳಿತವರು ಅನೇಕರು. ಕುಳಿತೂ ಅದು ತಮ್ಮದಲ್ಲವೆಂದು ಎದ್ದುಬಂದವರು ವಿರಳ.

ರಾಜಾಶ್ರಯವನ್ನು ಗುರುಗಳು ಏನು ಮಾಡಿದರೆಂಬುದೇ ಇಲ್ಲಿ ನೋಡಬೇಕಾದ ವಿಷಯ. ಅವರು ಅದನ್ನು ಶಿಷ್ಯರನ್ನಾಗಿ ಪರಿವರ್ತಿಸಿದರು. ಶ್ರೀವಾದಿರಾಜರು, ಶ್ರೀವಿಜಯೀಂದ್ರರು ಅವರಲ್ಲಿ ಓದಿದರು. ಪುರಂದರದಾಸರು, ಕನಕದಾಸರು ಅವರಿಂದ ಅನುಗೃಹೀತರಾದರು. ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳು ರಚಿತವಾದವು. ವಿಜಯನಗರದ ಸೇನೆ ಕಾಶಿಯನ್ನು ಎಂದೂ ಕಾಣಲಿಲ್ಲ. ನ್ಯಾಯಾಮೃತವಾದರೋ ಕಾಶಿಗೆ ತಲಪಿ, ಮಧುಸೂದನಸರಸ್ವತಿಗಳಂತಹ ಮೇಧಾವಿಗಳು ಅದಕ್ಕೆ ಉತ್ತರವಾಗಿ ಅದ್ವೈತಸಿದ್ಧಿಯನ್ನು ಬರೆಯಬೇಕಾಯಿತು. ಅದಕ್ಕೆ ಪ್ರತ್ಯುತ್ತರವಾಗಿ ಶ್ರೀರಾಮಾಚಾರ್ಯರ ತರಂಗಿಣಿಯು ಬಂದಿತು. ಇಂದಿಗೂ ಉಭಯ ಸಿದ್ಧಾಂತಗಳ ವಿದ್ವಾಂಸರು ಈ ಗ್ರಂಥಗಳನ್ನು ಮುಂದಿಟ್ಟುಕೊಂಡು ವಾಕ್ಯಾರ್ಥ ನಡೆಸುತ್ತಾರೆ.

ನಮ್ಮ ನಗರದಲ್ಲಿಯೇ ಇದಕ್ಕೆ ಒಂದು ಕಣ್ಣಾರೆ ಕಾಣುವ ದೃಷ್ಟಾಂತವುಂಟು. ಕೃಷ್ಣದೇವರಾಯನು ಗಜಪತಿಯಿಂದ ಉದಯಗಿರಿ ದುರ್ಗವನ್ನು ಗೆದ್ದಾಗ ಅಲ್ಲಿಂದ ಬಾಲಕೃಷ್ಣನ ಪ್ರತಿಮೆಯನ್ನು ತಂದು, ಹಂಪೆಯಲ್ಲಿ ಭವ್ಯವಾದ ದೇವಾಲಯವನ್ನು ಕಟ್ಟಿಸಿ, 1515ರಲ್ಲಿ ಪ್ರತಿಷ್ಠೆ ಮಾಡಿಸಿದನು. ಆ ಪ್ರತಿಮೆಯು ಇಂದು ಭಗ್ನವಾಗಿ, ನಮ್ಮ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಅದೇ ಹಂಪೆಯ ಚಕ್ರತೀರ್ಥದ ಬಳಿ, ಶ್ರೀವ್ಯಾಸರಾಜರು ಬಂಡೆಯ ಮೇಲೆ ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಪ್ರಾಣದೇವರಿಗೆ ಇಂದೂ ಪೂಜೆ ನಡೆಯುತ್ತಿದೆ. ಭಗವಂತನ ಸನ್ನಿಧಾನವನ್ನು ಅಳೆಯಲು ನಾವು ಯಾರೂ ಅಲ್ಲ. ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿಯೂ ಮನಸ್ಸಿನಲ್ಲಿ ನಮಸ್ಕರಿಸಿಯೇ ಬರಬೇಕು. ನಾವು ಹೇಳುವುದು ಮನುಷ್ಯರ ವಿಷಯವನ್ನು. ಚಕ್ರವರ್ತಿಯು ಕಟ್ಟಿಸಿದ ಗುಡಿಯ ಪೂಜೆಯು ಅರಮನೆಯ ಭಂಡಾರವನ್ನು ನೆಚ್ಚಿತ್ತು, ಭಂಡಾರ ಬರಿದಾದಾಗ ನಿಂತಿತು. ಗುರುಗಳ ಪ್ರತಿಷ್ಠೆಯು ಶಿಷ್ಯರ ಶ್ರದ್ಧೆಯನ್ನು ನೆಚ್ಚಿತ್ತು. ಅದು ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದಿತು.

ರಕ್ತಾಕ್ಷಿ ಸಂವತ್ಸರ

ಪುರಂದರದಾಸರು ದೇಹವನ್ನು ತ್ಯಜಿಸಿದುದು ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆಯಂದು. ವಿಜಯನಗರವನ್ನು ಉರುಳಿಸಿದ ರಕ್ಕಸತಂಗಡಿ ಯುದ್ಧವು 1565ರ ಜನವರಿಯಲ್ಲಿ, ಅದೇ ರಕ್ತಾಕ್ಷಿ ಸಂವತ್ಸರದಲ್ಲಿ ನಡೆಯಿತು. ಸಾಮ್ರಾಜ್ಯವೂ ದಾಸರೂ ಒಂದೇ ಸಂವತ್ಸರದಲ್ಲಿ ಕಣ್ಮರೆಯಾದರು. ಇಬ್ಬರಲ್ಲಿ ಯಾರು ಉಳಿದರೆಂದು ತಿಳಿಯಬೇಕಾದರೆ ವಿಜಯದಶಮಿಯ ಬೆಳಗ್ಗೆ ಮೈಲಾಪುರದ ಬೀದಿಗಳಲ್ಲಿ ನಡೆದರೆ ಸಾಕು. ಕನ್ನಡವರಿಯದ ಮನೆಯ ಮಕ್ಕಳೂ ಮಾಯಾಮಾಳವಗೌಳದಲ್ಲಿ ಸರಳಿವರಸೆಯನ್ನು ಆರಂಭಿಸುತ್ತಾರೆ, ಆಮೇಲೆ ಮಲಹರಿಯ ಪಿಳ್ಳಾರಿಗೀತೆಗಳಿಗೆ ಬರುತ್ತಾರೆ. ಆ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಗೀತಪರಂಪರೆಯು ಏಕಕಂಠದಿಂದ ಒಪ್ಪುತ್ತದೆ. ವಿಜಯನಗರದ ನಾಣ್ಯವು ಇಂದು ಯಾವ ಅಂಗಡಿಯಲ್ಲಿಯೂ ನಡೆಯದು. ಪುರಂದರವಿಠಲನ ಅಂಕಿತವು ಎಲ್ಲ ಮನೆಗಳಲ್ಲಿಯೂ ನಡೆಯುತ್ತದೆ.

ಆ ಯುದ್ಧದ ನಂತರ ರಾಜಧಾನಿಯಿಂದ ಹೊರಟ ಪಂಡಿತರೂ ಕುಟುಂಬಗಳೂ ಬಹಳ. ನಮ್ಮಂತೆ ಊರು ಬಿಟ್ಟು ತಮಿಳುನಾಡಿಗೆ ಬಂದವರು ಅವರು. ಶ್ರೀವಿಜಯೀಂದ್ರತೀರ್ಥರು ಕುಂಭಕೋಣವನ್ನು ವಿದ್ಯಾಕ್ಷೇತ್ರವನ್ನಾಗಿ ಮಾಡಿದರು. ತಂಜಾವೂರಿನ ಸೇವಪ್ಪನಾಯಕನು ಅವರನ್ನು ಗೌರವಿಸಿದನು. ಹಂಪೆಯು ಹಾಳಾಗಿ ಹನ್ನೆರಡು ವರ್ಷಗಳಾದ ಮೇಲೆ, ಕ್ರಿ.ಶ. 1577ರಲ್ಲಿ, ಅಳಿದುಳಿದ ರಾಜ್ಯವನ್ನು ಆಳುತ್ತಿದ್ದ ಶ್ರೀರಂಗರಾಯನ ಹೆಸರಿನ ಅರಿವಿಲಿಮಂಗಲದ ತಾಮ್ರಶಾಸನವು ಶ್ರೀವಿಜಯೀಂದ್ರರಿಗೆ ಗ್ರಾಮದಾನವಾದುದನ್ನು ದಾಖಲಿಸುತ್ತದೆ. ಸಾಮ್ರಾಜ್ಯಕ್ಕೆ ತನ್ನ ರಾಜಧಾನಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೆ ವ್ಯಾಸರಾಜರ ಶಿಷ್ಯರ ಪಾಠವು ನೂರಾರು ಹರದಾರಿ ದೂರದ ಕಾವೇರಿಯ ದಡದಲ್ಲಿ ಮುರಿಯದೆ ನಡೆದಿತ್ತು.

ವಲಸೆ ಬಂದ ಮನೆಯ ಮಗ

ಹೀಗೆ ವಲಸೆ ಬಂದ ಮನೆಗಳಲ್ಲಿ ಒಂದನ್ನು ನಾವೆಲ್ಲರೂ ಬಲ್ಲೆವು. ಅದರ ಹಿರಿಯರಾದ ಕೃಷ್ಣಭಟ್ಟರು ಕೃಷ್ಣದೇವರಾಯನಿಗೆ ವೀಣೆಯನ್ನು ಕಲಿಸಿದವರೆಂದು ಪ್ರಸಿದ್ಧಿ. ಆ ವಂಶದ ತಿಮ್ಮಣ್ಣಭಟ್ಟರು ಆಶ್ರಯವನ್ನರಸಿ ತಮಿಳುದೇಶಕ್ಕೆ ಬಂದರು. ಅವರ ಮಗನಾಗಿ ಭುವನಗಿರಿಯಲ್ಲಿ ಅವತರಿಸಿದ ವೇಂಕಟನಾಥರೇ ಮುಂದೆ ಶ್ರೀರಾಘವೇಂದ್ರತೀರ್ಥರು. ಅವರ ಹುಟ್ಟಿನ ಹೊತ್ತಿಗೆ ಅರಮನೆಯ ವೀಣೆಯೂ ಇರಲಿಲ್ಲ, ಅರಮನೆಯೂ ಇರಲಿಲ್ಲ. ತಂದೆಯನ್ನು ಚಿಕ್ಕಂದಿನಲ್ಲಿಯೇ ಕಳೆದುಕೊಂಡ ಬಾಲಕನಿಗೆ ಮಧುರೆಯಲ್ಲಿ ಪಾಠ ಹೇಳಿದವರು ಅಕ್ಕನ ಗಂಡನಾದ ಲಕ್ಷ್ಮೀನರಸಿಂಹಾಚಾರ್ಯರು. ಆ ಅಕ್ಕನ ಮಗನಾದ ನಾರಾಯಣಾಚಾರ್ಯರೇ ಮುಂದೆ ರಾಘವೇಂದ್ರವಿಜಯವನ್ನು ಬರೆದರು. ರಾಜಾಶ್ರಯವು ತಪ್ಪಿದಾಗ ವಿದ್ಯೆಯನ್ನು ಕಾಪಾಡಿದುದು ಒಂದು ಮನೆಯ ಜಗಲಿ ಎಂಬುದನ್ನು ಓದುಗರು ಗಮನಿಸಬೇಕು.

ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರಲ್ಲಿ ಓದುತ್ತಿದ್ದಾಗಿನ ಪ್ರಸಂಗವನ್ನು ಹಿರಿಯರು ಹೇಳುತ್ತಾರೆ. ನ್ಯಾಯಸುಧೆಯ ಒಂದು ಕ್ಲಿಷ್ಟಭಾಗವು ಪಾಠದಲ್ಲಿ ಬಗೆಹರಿಯದೆ ನಿಂತಿತ್ತು. ನಡುರಾತ್ರಿ ಗುರುಗಳು ಬಂದು ನೋಡಿದರೆ ವೇಂಕಟನಾಥರು ಬರಿನೆಲದ ಮೇಲೆ ಚಳಿಯಲ್ಲಿ ನಿದ್ರಿಸಿದ್ದಾರೆ. ಪಕ್ಕದ ಗರಿಗಳಲ್ಲಿ ಅದೇ ಭಾಗಕ್ಕೆ ವಿವರಣೆ ಬರೆದಿದೆ. ಗುರುಗಳು ತಮ್ಮ ಶಾಟಿಯನ್ನು ಶಿಷ್ಯನಿಗೆ ಹೊದಿಸಿ ಗರಿಗಳನ್ನು ಕೊಂಡೊಯ್ದರು. ಆ ವ್ಯಾಖ್ಯಾನವೇ ಪರಿಮಳ. ಕೃಷ್ಣದೇವರಾಯನು ವ್ಯಾಸರಾಜರಿಗೆ ರತ್ನಾಭಿಷೇಕ ಮಾಡಿದನೆಂದು ಕೇಳಿದ್ದೇವೆ. ಆ ರತ್ನಗಳು ಯಾರಲ್ಲಿವೆಯೋ ತಿಳಿಯದು. ಈ ಶಾಟಿಯಾದರೋ ನಮ್ಮ ಪರಂಪರೆಯನ್ನು ಇಂದಿಗೂ ಹೊದ್ದಿಸಿದೆ.

ಕ್ರಿ.ಶ. 1621ರಲ್ಲಿ, ತಂಜಾವೂರಿನಲ್ಲಿ, ರಘುನಾಥನಾಯಕನ ಕಾಲದಲ್ಲಿ ಅವರ ಪೀಠಾರೋಹಣವಾಯಿತು. 1671ರಲ್ಲಿ ತುಂಗಭದ್ರಾತೀರದ ಮಂಚಾಲೆಯಲ್ಲಿ ಬೃಂದಾವನಪ್ರವೇಶ. ಆ ಗ್ರಾಮವು ಬಿಜಾಪುರದ ಸುಲ್ತಾನರ ಕೆಳಗೆ ಆದವಾನಿಯನ್ನು ಆಳುತ್ತಿದ್ದ ಸಿದ್ದಿ ಮಸೂದಖಾನನಿಂದ ಬಂದುದು. ಈಗ ಇಸವಿಗಳನ್ನು ನೋಡಿರಿ. ಗುರುಗಳು ಬೃಂದಾವನಸ್ಥರಾದ ಎರಡೇ ವರ್ಷಗಳಲ್ಲಿ, 1673ರಲ್ಲಿ, ತಂಜಾವೂರಿನ ನಾಯಕರ ರಾಜ್ಯವು ಮುಗಿಯಿತು. ಹದಿನೈದು ವರ್ಷಗಳಲ್ಲಿ, 1686ರಲ್ಲಿ, ಬಿಜಾಪುರವು ಔರಂಗಜೇಬನ ವಶವಾಯಿತು. ಪಟ್ಟಕ್ಕೆ ಸಾಕ್ಷಿಯಾದ ರಾಜ್ಯವೂ ನೆಲವನ್ನು ಕೊಟ್ಟ ರಾಜ್ಯವೂ ಹೋದವು. ಕೊಟ್ಟವನ ಹೆಸರು ಉಳಿದುದು ಪಡೆದವರ ಚರಿತ್ರೆಯೊಳಗೆ. ಬೃಂದಾವನಕ್ಕೆ 350 ವರ್ಷಗಳು ತುಂಬಿದ 2021ರಲ್ಲಿ ಎಷ್ಟು ಮನೆಗಳಲ್ಲಿ ದೀಪ ಹಚ್ಚಿದರೆಂದು ಲೆಕ್ಕವಿಟ್ಟವರಿಲ್ಲ.

ನಮ್ಮ ಚೆನ್ನಪಟ್ಟಣ

ನಾವು ವಾಸಿಸುವ ಈ ನಗರವೂ ಅದೇ ಇತಿಹಾಸದ ತುಣುಕು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಈ ಕಡಲತಡಿಯ ಪಟ್ಟಿಯನ್ನು ಕೊಟ್ಟವನು ದಾಮರ್ಲ ವೇಂಕಟಪ್ಪನಾಯಕ. ಅವನು ವಿಜಯನಗರದ ಕೊನೆಯ ವಂಶವಾದ ಅರವೀಡು ಅರಸರ ಅಧೀನನಾಗಿದ್ದನು. ಅವನ ತಂದೆ ಚೆನ್ನಪ್ಪನಾಯಕನ ಹೆಸರಿನಿಂದಲೇ ಚೆನ್ನಪಟ್ಟಣವೆಂದಾಯಿತೆನ್ನುವರು. ಆ ವರ್ಷ ರಾಯರು ಪೀಠಕ್ಕೆ ಬಂದು ಹದಿನೆಂಟು ವರ್ಷಗಳಾಗಿದ್ದವು. ಹಳೆಯ ಸಾಮ್ರಾಜ್ಯವು ಹೊಸ ಸಾಮ್ರಾಜ್ಯಕ್ಕೆ ಅರಿಯದೆಯೇ ಬಾಗಿಲು ತೆರೆದು ಹೋಯಿತು. ಆ ಹೊಸ ಸಾಮ್ರಾಜ್ಯವೂ 1947ರಲ್ಲಿ ಹೊರಟುಹೋಯಿತು. ಮೌಂಟ್ ರಸ್ತೆಯಲ್ಲಿ ಕುದುರೆಯೇರಿ ನಿಂತಿರುವ ಸರ್ ಥಾಮಸ್ ಮನ್ರೋ ಅದರ ಗುರುತು. ಬಳ್ಳಾರಿಯ ಕಡೆ ಕಲೆಕ್ಟರನಾಗಿದ್ದಾಗ ಆತನು ಮಂತ್ರಾಲಯಕ್ಕೆ ಬಂದು ಗುರುಗಳ ಅನುಗ್ರಹಕ್ಕೆ ಪಾತ್ರನಾದನೆಂಬುದು ಮಠದಲ್ಲಿ ಪರಂಪರೆಯಿಂದ ಬಂದ ಮಾತು. ಆ ಪ್ರತಿಮೆಯ ಮುಂದೆ ನಿತ್ಯವೂ ಹಾದುಹೋಗುವ ಸಾವಿರಾರು ಜನರಲ್ಲಿ ಆತನ ಆಡಳಿತವನ್ನು ನೆನೆಯುವವರು ಎಷ್ಟು ಮಂದಿ? ಗುರುವಾರದ ಸಂಜೆ ಅದೇ ದಾರಿಯಲ್ಲಿ ರಾಯರ ಮಠಕ್ಕೆ ಹೋಗುವವರು ಎಷ್ಟು ಮಂದಿ?

ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನಮಗೆ ಇನ್ನೊಂದು ಇಸವಿಯು ಆಗಾಗ ನೆನಪಾಗುತ್ತದೆ. ಮದರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯೂ ಮುಂಬಯಿಯಿಂದ ಹೊರಟ ಜಿ.ಐ.ಪಿ. ರೈಲ್ವೆಯೂ ರಾಯಚೂರಿನಲ್ಲಿ ಕೂಡಿದುದು 1871ರಲ್ಲಿ, ರಾಯರ ಬೃಂದಾವನಪ್ರವೇಶಕ್ಕೆ ಸರಿಯಾಗಿ ಇನ್ನೂರು ವರ್ಷಗಳಾದಾಗ. ಕಂಬಳಿ, ಹತ್ತಿ, ಸೈನ್ಯ, ಅಂಚೆಗಳಿಗೆಂದು ಹಾಕಿದ ಹಳಿಗಳ ಮೇಲೆ ಮುಂದೆ ಭಕ್ತರು ಹೊರಟರು. ಆ ಮಾರ್ಗದ ಒಂದು ನಿಲ್ದಾಣಕ್ಕೆ ಇಂದು ಮಂತ್ರಾಲಯಂ ರೋಡ್ ಎಂದೇ ಹೆಸರು. ದೊರೆಗಳು ತಮಗಾಗಿ ಮಾಡಿಕೊಂಡ ದಾರಿಯನ್ನೂ ಶ್ರೀಹರಿಯು ತನ್ನ ಭಕ್ತರ ಸೇವೆಗೆ ಒದಗಿಸಿಕೊಳ್ಳುತ್ತಾನೆ.

ಪದವಿಗಳು ಎಲ್ಲಿಗೆ ಬಂದವು?

ನಾವು ದಿನನಿತ್ಯ ಆಡುವ ಮಾತುಗಳಲ್ಲಿಯೇ ಈ ತತ್ತ್ವವು ಅಡಗಿದೆ. ಶ್ರೀಪಾದರಾಜರು, ವಾದಿರಾಜರು, ವ್ಯಾಸರಾಯರು, ಗುರುಸಾರ್ವಭೌಮರು ಎನ್ನುತ್ತೇವೆ. ರಾಜ, ರಾಯ, ಸಾರ್ವಭೌಮ ಇವೆಲ್ಲ ಅರಸರ ಬಿರುದುಗಳು. ಸಂಸ್ಥಾನ, ಪಟ್ಟಾಭಿಷೇಕ, ದಿಗ್ವಿಜಯ ಇವೂ ಅರಮನೆಯ ಶಬ್ದಗಳೇ. ಅರಮನೆಗಳು ಬಿದ್ದಾಗ ಆ ಶಬ್ದಗಳು ಮಠಗಳಿಗೆ ಬಂದು ಆಶ್ರಯ ಪಡೆದವು. ಮಾಧ್ವರ ಮನೆಯಲ್ಲಿ 'ರಾಯರು' ಎಂದರೆ ಯಾವ ರಾಯರು ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಗುರುವಾಣಿಯು ಉಳಿದುದೇಕೆ? ಮೊದಲನೆಯ ಕಾರಣವನ್ನು ಹೇಳಿಯಾಯಿತು. ರಾಜನು ತನ್ನನ್ನು ಸ್ವತಂತ್ರನೆಂದು ಭಾವಿಸಿ ಕಟ್ಟುತ್ತಾನೆ. ಸುಳ್ಳಿನ ಮೇಲೆ ಕಟ್ಟಿದುದು ನಿಲ್ಲದು. ಗುರುಗಳು ತಮ್ಮನ್ನು ದಾಸರೆಂದು ತಿಳಿದು ಕಟ್ಟುತ್ತಾರೆ. ಕಟ್ಟಿದುದು ಯಜಮಾನನದಾದ್ದರಿಂದ ಅವನೇ ಅದನ್ನು ಕಾಯುತ್ತಾನೆ. ಎರಡನೆಯದು ದಾನದ ಸ್ವರೂಪ. ಭೂಮಿಯನ್ನು ನಾಲ್ವರು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬನಿಗೆ ಕಾಲುಭಾಗ ಬರುತ್ತದೆ, ಅದಕ್ಕಾಗಿ ಕಾದಾಟವೂ ಬರುತ್ತದೆ. ಪಾಠವನ್ನು ನಾಲ್ವರು ಶಿಷ್ಯರಿಗೆ ಹೇಳಿದರೆ ನಾಲ್ವರಿಗೂ ಪೂರ್ತಿ ಬರುತ್ತದೆ, ಗುರುವಿನಲ್ಲಿಯೂ ಪೂರ್ತಿಯಾಗಿ ಉಳಿಯುತ್ತದೆ.

ಮೂರನೆಯ ಪ್ರಶ್ನೆ

ಮುಂದೆಯೂ ಇದು ತಾನಾಗಿಯೇ ಉಳಿದೀತೇ? ಇಲ್ಲವೆಂದು ಸ್ವಯಂ ಭಗವಂತನೇ ಹೇಳಿದ್ದಾನೆ. ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ, ತಾನು ಸೂರ್ಯನಿಗೆ ಉಪದೇಶಿಸಿದ ಯೋಗವು ಮನು, ಇಕ್ಷ್ವಾಕು ಮೊದಲಾದ ರಾಜರ್ಷಿಗಳ ಪರಂಪರೆಯಲ್ಲಿ ಬಂದು, ದೀರ್ಘಕಾಲದಲ್ಲಿ ಲೋಪವಾಯಿತೆಂದು ಅರ್ಜುನನಿಗೆ ತಿಳಿಸುತ್ತಾನೆ. ತತ್ತ್ವವು ನಾಶವಾಗದು. ಅದನ್ನು ಹಿಡಿದ ಸರಪಳಿಯು ಮಾತ್ರ ಒಂದು ಕೊಂಡಿಯಲ್ಲಿ ಕಳಚಬಹುದು. ಆ ಕೊಂಡಿಯು ನಮ್ಮ ಮನೆಯಾಗಿರಬಾರದೆಂಬುದೇ ನಮ್ಮ ಕಳವಳ.

ನಮ್ಮ ನಗರದ ಪರಿಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ನೋಡೋಣ. ಆರಾಧನೆಯ ದಿನ ತೀರ್ಥಪ್ರಸಾದಕ್ಕೆ ಬೀದಿಯವರೆಗೆ ಸಾಲು ನಿಲ್ಲುತ್ತದೆ. ಮರುವಾರದ ಪಾಠಕ್ಕೆ ಬರುವವರನ್ನು ಬೆರಳುಗಳಲ್ಲಿ ಎಣಿಸಬಹುದು, ಅವರಲ್ಲಿಯೂ ಹೆಚ್ಚಿನವರು ನಮ್ಮಂತಹ ನಿವೃತ್ತರು. ಅಮೃತಶಿಲೆಗೆ, ಬೆಳ್ಳಿಯ ಕವಚಕ್ಕೆ, ಸಭಾಂಗಣಕ್ಕೆ ದಾನಿಗಳು ಉದಾರವಾಗಿ ಕೊಡುತ್ತಾರೆ. ಅದು ಪುಣ್ಯಕಾರ್ಯವೇ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಕಲ್ಲು, ಬೆಳ್ಳಿ, ಸಭಾಂಗಣ ಇವು ಮೂರೂ ಹಂಪೆಯಲ್ಲಿಯೂ ಇದ್ದವು. ಗೋಡೆಯ ಮೇಲಿನ ನಾಮಫಲಕಗಳು ಹೆಚ್ಚುತ್ತ ಹೋಗಿ ಪಾಠದ ಚಾಪೆಗಳು ಕಡಿಮೆಯಾಗುತ್ತ ಹೋದರೆ, ನಾವು ಪರಂಪರೆಯನ್ನು ಬೆಳೆಸುತ್ತಿಲ್ಲ, ಸಣ್ಣದೊಂದು ಸಾಮ್ರಾಜ್ಯವನ್ನು ಕಟ್ಟುತ್ತಿದ್ದೇವೆ ಎಂದು ತಿಳಿಯಬೇಕು. ಸಾಮ್ರಾಜ್ಯಗಳ ಗತಿ ಏನೆಂಬುದನ್ನು ಭೂದೇವಿಯು ಹೇಳಿದ್ದಾಳೆ.

ಮನೆಗಳಲ್ಲಿಯೂ ಅಷ್ಟೆ. ಧಾರವಾಡ, ಬಳ್ಳಾರಿ, ಉಡುಪಿ, ಮೈಸೂರುಗಳಿಂದ ಬಂದವರ ಮಕ್ಕಳು ಶಾಲೆಯಲ್ಲಿ ಕನ್ನಡ ಕಾಣರು. ತಲೆಮಾರುಗಳಿಂದ ಇಲ್ಲಿಯೇ ಇರುವ ಮನೆಗಳಲ್ಲಿ ಮಾತಿನ ಕನ್ನಡವುಂಟು, ಅಕ್ಷರದ ಕನ್ನಡವಿಲ್ಲ. ಹೆಂಗಸರು ದೇವರನಾಮಗಳನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಅವರ ಶ್ರದ್ಧೆಗೆ ನಮ್ಮ ನಮಸ್ಕಾರ. ಆದರೆ ಆ ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅಜ್ಜಿಗೆ ಕೇಳಿ ಗೊತ್ತಿದ್ದುದರಿಂದ ಅವರು ಸರಿಯಾಗಿ ಹಾಡುತ್ತಾರೆ, ಅಜ್ಜಿಯ ನಂತರ ಪುಸ್ತಕವನ್ನಷ್ಟೇ ನೋಡುವ ಮೊಮ್ಮಗಳು ಹೇಗೆ ಹಾಡಿಯಾಳು? ಕೈಯಲ್ಲಿರುವ ಫೋನಿನಲ್ಲಿ ಎಲ್ಲ ಸ್ತೋತ್ರಗಳೂ ಇವೆಯಲ್ಲ ಎನ್ನುವವರಿದ್ದಾರೆ. ಅದು ಕೇಳಿಸುತ್ತದೆ, ತಪ್ಪಿದಾಗ ತಿದ್ದುವುದಿಲ್ಲ. ಚಳಿಯಲ್ಲಿ ಮಲಗಿದವನಿಗೆ ಶಾಟಿ ಹೊದಿಸುವುದೂ ಇಲ್ಲ.

ಆದುದರಿಂದ ನಮ್ಮ ವಿಜ್ಞಾಪನೆ ಬಹಳ ಸಣ್ಣದು. ನಮ್ಮ ಪೀಠಾಧೀಶರು ದೊಡ್ಡ ಪಾಠಗಳನ್ನು ನಡೆಸುತ್ತಲೇ ಬಂದಿದ್ದಾರೆ. ಪೇಜಾವರದ ಶ್ರೀವಿಶ್ವೇಶತೀರ್ಥರು 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಪ್ರಜ್ಞ ವಿದ್ಯಾಪೀಠವನ್ನು ಸ್ಥಾಪಿಸಿದಂತೆ ನಾವು ಮಾಡಲಾರೆವು. ಆದರೆ ಮನೆಯ ಜಗಲಿಯ ಪಾಠವು ನಮ್ಮಿಂದ ಸಾಧ್ಯ. ಮಧುರೆಯ ಆ ಅಕ್ಕ ಭಾವಂದಿರು ಮಾಡಿದುದು ಅದನ್ನೇ. ದಿನಕ್ಕೆ ಕಾಲುಗಂಟೆ, ಒಂದು ಶ್ಲೋಕ ಅಥವಾ ಒಂದು ದೇವರನಾಮದ ಒಂದು ನುಡಿ, ಅರ್ಥಸಹಿತವಾಗಿ. ವಾರಕ್ಕೆ ನಾಲ್ಕು ಕನ್ನಡ ಅಕ್ಷರಗಳು. ಮನೆಯಲ್ಲಿ ಹಿರಿಯರಿಲ್ಲದಿದ್ದರೆ ಪಕ್ಕದ ಬೀದಿಯ ಹಿರಿಯರನ್ನು ಕೇಳಿರಿ, ಅವರು ಕಾದಿದ್ದಾರೆ. ಹಿರಿಯರು ತಮಗೆ ಪೂರ್ಣವಾಗಿ ಬಾರದೆಂದು ಸಂಕೋಚಪಡಬೇಕಾಗಿಲ್ಲ, ಬಂದಷ್ಟನ್ನು ಶುದ್ಧವಾಗಿ ಹೇಳಿಕೊಟ್ಟರೆ ಸಾಕು. ಮಠಕ್ಕೆ ಕಾಣಿಕೆ ಕೊಡುವವರು ಬೆಳ್ಳಿಯ ಜೊತೆಗೆ ಒಬ್ಬ ವಿದ್ಯಾರ್ಥಿಯ ಅಧ್ಯಯನದ ಖರ್ಚನ್ನೂ ಸಂಕಲ್ಪಿಸಲಿ. ಆ ದಾನಕ್ಕೆ ನಾಮಫಲಕವಿರುವುದಿಲ್ಲ, ಆದರೆ ಅದು ಮಾತನಾಡುತ್ತದೆ.

ಕಳ್ಳರಿಗೆ ಸಿಗದ ನಿಧಿ

ಕೊನೆಯದಾಗಿ, 2019ರ ಜುಲೈ ತಿಂಗಳಿನಲ್ಲಿ ನಡೆದುದನ್ನು ನೆನಪಿಸುತ್ತೇವೆ. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ ದುಷ್ಕರ್ಮಿಗಳು ರಾತ್ರಿಯಲ್ಲಿ ಶ್ರೀವ್ಯಾಸರಾಜರ ಬೃಂದಾವನವನ್ನು ಕೆಡವಿ ಅಗೆದರು. ಚಕ್ರವರ್ತಿಗಳ ಗುರುಗಳ ಬೃಂದಾವನದಲ್ಲಿ ನಿಧಿಯಿರಬೇಕೆಂಬುದು ಅವರ ಆಸೆ. ಅವರಿಗೆ ಏನೂ ದೊರೆಯಲಿಲ್ಲ, ದೊರೆತುದು ಸೆರೆಮನೆ. ಸುದ್ದಿ ತಿಳಿದೊಡನೆ ಬೇರೆ ಬೇರೆ ಮಠಗಳ ಯತಿಗಳೂ ಭಕ್ತರೂ ಮಳೆಗಾಲದ ನದಿಯನ್ನು ದಾಟಿ ಬಂದು, ಭೇದವನ್ನು ಮರೆತು, ಕೈಯಾರೆ ಕಲ್ಲುಗಳನ್ನು ಜೋಡಿಸಿ ಅತಿ ಶೀಘ್ರವಾಗಿ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಎದುರಿನ ದಡದಲ್ಲಿ ವಿಜಯನಗರದ ಅರಮನೆಯ ಅಡಿಪಾಯವು ನಾಲ್ಕೂವರೆ ಶತಮಾನಗಳಿಂದ ಹಾಗೆಯೇ ಬಿದ್ದಿದೆ. ಅದನ್ನು ಎತ್ತಿ ನಿಲ್ಲಿಸಲು ಯಾವ ವಂಶವೂ ಬರಲಿಲ್ಲ.

ನಿಧಿ ಅಲ್ಲಿ ಇದ್ದುದು ನಿಜ. ಕಳ್ಳರು ನೆಲದಲ್ಲಿ ಹುಡುಕಿದರು, ಅದು ಕಲ್ಲು ಹೊತ್ತು ತಂದವರ ಕಂಠದಲ್ಲಿ ಇತ್ತು. ಈ ಆರಾಧನೆಯಂದು ಹಸ್ತೋದಕವನ್ನು ಸ್ವೀಕರಿಸಿ ಮನೆಗೆ ಮರಳಿದ ಮೇಲೆ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಆ ನಿಧಿಯಲ್ಲಿ ಒಂದು ಕಾಸನ್ನಾದರೂ ಅವರ ಕೈಗೆ ದಾಟಿಸೋಣ. ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ಅದಕ್ಕೆ ಬೇಕಾದ ಬುದ್ಧಿಯನ್ನೂ ಬಿಡುವನ್ನೂ ನಮ್ಮೆಲ್ಲರಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥